ಲೀಸಿನ ಕಾರು ಮತ್ತು ಪರಿಮಾಣವ್ರತ

ಇಂದಿನ ಗೃಹಸ್ಥನು ಕಾರನ್ನು ಕೊಳ್ಳಬಹುದು. ಇಲ್ಲವೆ ಕೆಲವು ವರ್ಷಗಳ ಅವಧಿಗೆ ಲೀಸಿಗೆ ಪಡೆಯಬಹುದು. ಲೀಸಿನಲ್ಲಿ ಒಡೆತನ ಕಂಪನಿಯದು. ತಿಂಗಳ ಬಾಡಿಗೆ ತೆತ್ತು, ಗೊತ್ತುಪಡಿಸಿದ ಕಿಲೋಮೀಟರುಗಳೊಳಗೆ ಓಡಿಸಿ, ಕೊನೆಗೆ ಹಿಂತಿರುಗಿಸಬೇಕು. ಹಾಗಾದರೆ ಪರಿಗ್ರಹಪರಿಮಾಣವ್ರತ ಹಿಡಿದ ಶ್ರಾವಕನ ಲೆಕ್ಕಕ್ಕೆ ಅದು ಸೇರುವುದಿಲ್ಲವೆ?

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಪರಿಗ್ರಹವನ್ನು ಮೂರ್ಛೆಯೆಂದು, ಎಂದರೆ ಮಮತ್ವವೆಂದು, ನಿರೂಪಿಸುತ್ತದೆ. ಪರರ ಹೆಸರಿನಲ್ಲಿ ನೋಂದಣಿಯಾದ ಕಾರಿಗೆ ಗೀರು ಬಿದ್ದಾಗಲೂ ಮನಸ್ಸು ಕುದಿದರೆ ಮಮತ್ವ ಅಲ್ಲಿ ನೆಲೆಸಿದೆಯೆಂದೇ ತಿಳಿಯಬೇಕು. ಮೇಲಾಗಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳಿಗೆ ಮಿತಿ ಹಾಕುವಾಗ ವಾಹನವನ್ನೂ ಎಣಿಸಿದ್ದಾರೆ. ಆ ವ್ರತದ ಲೆಕ್ಕ ಬಳಕೆಗೆ ಸಂಬಂಧಿಸಿದ್ದು.

ಆದರೂ ಲೀಸಿಗೆ ಒಂದು ಗುಣವುಂಟು. ಯಮವು ಯಾವಜ್ಜೀವದ್ದು, ನಿಯಮವು ಕಾಲಮಿತಿಯುಳ್ಳದ್ದು, ಲೀಸಿಗೂ ಕಾಲಮಿತಿಯಿದೆ. ವೃದ್ಧ ತಂದೆಯ ಚಿಕಿತ್ಸೆಗೆಂದು 2 ವರ್ಷ ಮಾತ್ರ ಕಾರು ಬೇಕಾದವನಿಗೆ ಅದು ಯೋಗ್ಯ. ಅವಧಿ ಮುಗಿದೊಡನೆ ಹೊಸ ಮಾದರಿಯನ್ನು ತರುತ್ತಲೇ ಇರುವವನಿಗೆ ಅದೇ ತೃಷ್ಣೆಯ ದಾರಿ. ಅವನಿಗಿಂತ ಒಂದೇ ಕಾರನ್ನು ಕೊಂಡು 15 ವರ್ಷ ಬಾಳಿಸುವವನು ಮಿತಪರಿಗ್ರಹಿ. ಆದುದರಿಂದ ಮೊದಲು ಅಗತ್ಯವನ್ನು ಅಳೆದು, ಬಳಿಕ ಬೆಲೆ ಬಾಡಿಗೆಗಳನ್ನು ತೂಗಿ ನೋಡಬೇಕು. ಯಾವುದನ್ನು ಆರಿಸಿದರೂ ಆ ಕಾರನ್ನು ವ್ರತದ ಲೆಕ್ಕದಲ್ಲಿ ಬರೆದುಕೊಳ್ಳತಕ್ಕದ್ದು.