ಮೂಕಜೀವಿಯ ನಡುಕವೂ ಶ್ರಾವಕನ ಚಿಂತೆಯೂ

ಪುಷ್ಯ-ಮಾಘ ಮಾಸಗಳ ಚಳಿಯಲ್ಲಿ ಮನೆಯ ಪುಟ್ಟ ನಾಯಿಯೊಂದು ಇದ್ದಕ್ಕಿದ್ದಂತೆ ತನ್ನ ನಿತ್ಯದ ನಡೆಯನ್ನು ಬಿಟ್ಟು ವಿಚಿತ್ರವಾಗಿ ವರ್ತಿಸತೊಡಗಿದರೆ ಮನೆಯವರ ಮನಸ್ಸಿನಲ್ಲಿ ಚಿಂತೆಯೇಳುವುದು ಸಹಜ. ಈ ಚಿಂತೆಯು ದಯೆಯೋ, ಮೋಹವೋ? ಅದು ಅಹಿಂಸಾಣುವ್ರತದ ಒಂದು ಅಂಗವೋ, ಅಥವಾ ಬಿಡಬೇಕಾದ ಆರ್ತಧ್ಯಾನವೋ? ವ್ರತೋಪವಾಸಗಳ ವಿಚಾರಕ್ಕೆ ಮೀಸಲಾದ ಪುಟಗಳಲ್ಲಿ ನಾಯಿಯ ಮಾತೇಕೆಂದು ಕೆಲವರು ಕೇಳಬಹುದು. ಅಷ್ಟಮಿ ಚತುರ್ದಶಿಗಳಂದು ಉಪವಾಸ ಮಾಡುವ ಮನೆಗಳಲ್ಲಿಯೇ ಈ ಪ್ರಶ್ನೆ ಹೆಚ್ಚು ಸೂಕ್ಷ್ಮವಾಗುತ್ತದೆಂಬುದು ಮುಂದಿನ ವಿವೇಚನೆಯಿಂದ ತಿಳಿದೀತು. ನಾಯಿಯನ್ನು ಸಾಕಬೇಕೇ ಬೇಡವೇ ಎಂಬುದು ಬೇರೆಯೇ ಚರ್ಚೆ. ಸಾಕಿದ ಮೇಲಿನ ಹೊಣೆಯೆಷ್ಟು ಎಂಬುದೇ ಇಲ್ಲಿನ ವಿಷಯ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಬೆಳಗಾವಿ, ವಿಜಯಪುರ, ಬೀದರ್ ಮುಂತಾದೆಡೆಗಳಲ್ಲಿ ಚಳಿಗಾಲದ ಮುಂಜಾವಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುವುದುಂಟು. ಆರೋಗ್ಯವಂತ ನಾಯಿಯ ದೇಹದ ಉಷ್ಣತೆಯಾದರೋ ಸುಮಾರು 38.3ರಿಂದ 39.2 ಡಿಗ್ರಿ, ಅಂದರೆ ಮನುಷ್ಯನದಕ್ಕಿಂತ ತುಸು ಹೆಚ್ಚು. ಹಂಡೆಯಲ್ಲಿ ಕಾಯಿಸಿಟ್ಟ ನೀರು ಬಹಳ ಹೊತ್ತು ಬಿಸಿಯಾಗಿರುತ್ತದೆ. ಅದೇ ನೀರನ್ನು ಲೋಟದಲ್ಲಿಟ್ಟರೆ ಬೇಗನೆ ಆರುತ್ತದೆ. ಗಾತ್ರ ಕಿರಿದಾದಷ್ಟೂ ಒಡಲಿನ ತೂಕಕ್ಕೆ ಹೋಲಿಸಿದರೆ ಹೊರಮೈಯ ವಿಸ್ತಾರ ಹೆಚ್ಚಾಗುವುದೇ ಇದಕ್ಕೆ ಕಾರಣ. ಐದಾರು ಸೇರು ತೂಗುವ ಪುಟ್ಟ ನಾಯಿಯ ಸ್ಥಿತಿ ಆ ಲೋಟದ ನೀರಿನಂತೆ. ಪಗ್, ಡ್ಯಾಶ್‌ಹುಂಡ್ ಜಾತಿಗಳಿಗೆ ರೋಮವೂ ಗಿಡ್ಡ. ಪಾಮರೇನಿಯನ್ ನಾಯಿಗೆ ದಟ್ಟ ರೋಮವಿದೆಯಾದರೂ ಅದು ನೆನೆದರೆ ಚಳಿಯನ್ನು ತಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ನಸುಕಿನಲ್ಲಿ ತಣ್ಣೀರೆರೆದು ಸಿಮೆಂಟಿನ ನೆಲದ ಮೇಲೆ ಬಿಟ್ಟ ನಾಯಿ ನಡುಗುವುದರಲ್ಲಿ ಆಶ್ಚರ್ಯವಿಲ್ಲ.

ನಡುಕವು ದೇಹವು ತನ್ನನ್ನು ತಾನೇ ಬಿಸಿಮಾಡಿಕೊಳ್ಳುವ ಉಪಾಯ. ದೇಹದ ಉಷ್ಣತೆ ಬಹಳ ಇಳಿದಾಗ ಈ ನಡುಕವೂ ನಿಂತುಹೋಗುತ್ತದೆ. ಪ್ರಾಣಿ ಮಂಕಾಗಿ, ಮೈ ಸೆಟೆದು, ತೂಕಡಿಸತೊಡಗುತ್ತದೆ. 'ನಡುಕ ನಿಂತಿತು, ಇನ್ನು ಚಿಂತೆಯಿಲ್ಲ' ಎಂದು ಮನೆಯವರು ಸಮಾಧಾನಪಡುವ ಆ ಗಳಿಗೆಯೇ ಅಪಾಯದ ಗಳಿಗೆಯಾಗಿರಬಹುದು. ಶಾಲೆಯಲ್ಲಿ ದೀರ್ಘಕಾಲ ಪಾಠ ಹೇಳಿದವರಿಗೆ ಇದು ಪರಿಚಿತವಾದ ಸಂಗತಿ. ದಿನವೂ ಗಲಾಟೆ ಮಾಡುವ ಹುಡುಗನು ಒಂದು ದಿನ ಸುಮ್ಮನೆ ಕುಳಿತರೆ ತಿಳಿದ ಉಪಾಧ್ಯಾಯನು ಅದನ್ನು ಶಿಸ್ತೆಂದು ಮೆಚ್ಚಿಕೊಳ್ಳುವುದಿಲ್ಲ. ಹಣೆಯನ್ನು ಮುಟ್ಟಿ ನೋಡುತ್ತಾನೆ.

ಒಂದೇ ಲಕ್ಷಣಕ್ಕೆ ಕಾರಣಗಳು ಅನೇಕ ಎಂಬುದನ್ನೂ ಮರೆಯಬಾರದು. ನಿನ್ನೆಯವರೆಗೆ ಬಾಗಿಲ ಸದ್ದಿಗೆ ಓಡಿಬರುತ್ತಿದ್ದ ನಾಯಿ ಇಂದು ಮಂಚದ ಕೆಳಗೆ ಸೇರಿ ಕರೆದರೂ ಬಾರದಿದ್ದರೆ, ಮೆಟ್ಟಿಲೇರಲು ಒಲ್ಲದಿದ್ದರೆ, ಎತ್ತಿಕೊಂಡರೆ ಚೀರಿದರೆ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ನಿಂತರೆ, ಅದು ಬರಿಯ ಚಳಿಯಲ್ಲ, ನೋವು. ಮುದಿನಾಯಿಯ ಕೀಲುಬೇನೆ ಚಳಿಯಲ್ಲಿ ಉಲ್ಬಣಿಸುತ್ತದೆ. ಡ್ಯಾಶ್‌ಹುಂಡಿನಂತಹ ಉದ್ದ ಬೆನ್ನಿನ ನಾಯಿಗೆ ಬೆನ್ನೆಲುಬಿನ ನಡುವಣ ಬಿಲ್ಲೆ ಜಾರಿ ಹಿಂಗಾಲುಗಳೇ ಸೋತುಹೋಗಬಹುದು. ಆಗ ಒಂದು ದಿನ ಕಾದು ನೋಡುವುದೂ ಸಲ್ಲದು. ವಯಸ್ಸಾದ ನಾಯಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಸುತ್ತುಸುತ್ತಾಗಿ ತಿರುಗಿದರೆ ಒಳಗಿವಿಯ ಅಥವಾ ಮಿದುಳಿನ ದೋಷವನ್ನು ಶಂಕಿಸಬೇಕು. ಪುಟ್ಟ ಜಾತಿಯ ಮರಿಗಳಲ್ಲಿ ಬಹಳ ಹೊತ್ತು ಆಹಾರವಿಲ್ಲದಿದ್ದರೆ ರಕ್ತದಲ್ಲಿನ ಸಕ್ಕರೆಯ ಅಂಶ ಇಳಿದು ನಡುಕ, ತೂರಾಟ, ಕೊನೆಗೆ ಮೂರ್ಛೆಯೂ ಬರಬಹುದು. ಇವೆಲ್ಲವನ್ನೂ 'ಚಳಿ' ಎಂಬ ಒಂದೇ ಮಾತಿನಿಂದ ಮುಚ್ಚಿಹಾಕುವುದು ಕೇವಲ ಅಜ್ಞಾನವಲ್ಲ, ಪ್ರಮಾದ. ಪ್ರಮಾದದಿಂದ ಕೂಡಿದ ಯೋಗದ ಮೂಲಕ ಪ್ರಾಣಗಳಿಗೆ ಒದಗುವ ಘಾತವನ್ನೇ ತತ್ತ್ವಾರ್ಥಸೂತ್ರವು ಹಿಂಸೆಯೆಂದು ಹೇಳಿರುವುದನ್ನು ಸ್ವಾಧ್ಯಾಯ ಮಾಡುವವರೆಲ್ಲರೂ ಬಲ್ಲರು.

ಈಗ ಚಿಂತೆಯ ಸ್ವರೂಪಕ್ಕೆ ಬರೋಣ. ಉಮಾಸ್ವಾಮಿ ಆಚಾರ್ಯರು ಹೇಳಿದ ನಾಲ್ಕು ಬಗೆಯ ಆರ್ತಧ್ಯಾನಗಳಲ್ಲಿ ಇಷ್ಟವಿಯೋಗ, ಅನಿಷ್ಟಸಂಯೋಗ ಎಂಬ ಎರಡು ಇಲ್ಲಿ ಪ್ರಕೃತವಾಗುತ್ತವೆ. 'ಅಯ್ಯೋ, ಇದು ಸತ್ತರೆ ನನ್ನ ಗತಿಯೇನು' ಎಂದು ರಾತ್ರಿಯೆಲ್ಲಾ ಕಣ್ಣೀರಿಡುವವನದು ಮೊದಲನೆಯದು. 'ರಾತ್ರಿಯೆಲ್ಲಾ ಕುಂಯ್‌ಗುಟ್ಟಿ ನಿದ್ದೆ ಕೆಡಿಸಿತು, ಇದರ ಕಾಟ ಯಾವಾಗ ತಪ್ಪೀತು' ಎಂದು ಸಿಡಿಮಿಡಿಗೊಳ್ಳುವವನದು ಎರಡನೆಯದು. ಒಬ್ಬನು ಪ್ರೀತಿಯುಳ್ಳವನಂತೆಯೂ ಮತ್ತೊಬ್ಬನು ಕಠಿಣನಂತೆಯೂ ತೋರುತ್ತಾರೆ. ವಿಚಾರಿಸಿ ನೋಡಿದರೆ ಇಬ್ಬರ ಚಿಂತೆಯ ಕೇಂದ್ರವೂ ಒಂದೇ, ಅದು ತಾನು. ನಾಯಿಯ ವೇದನೆಯು ಇಬ್ಬರಿಗೂ ಕಾಣಲಿಲ್ಲ. ಅನುಕಂಪೆಯಾದರೋ ತನ್ನ ದುಃಖವನ್ನು ಬದಿಗಿಟ್ಟು 'ಇದಕ್ಕೆ ಏನಾಗುತ್ತಿದೆ' ಎಂದು ಕೇಳುತ್ತದೆ. ಕ್ಲೇಶಪಡುವ ಜೀವಿಗಳಲ್ಲಿ ಕಾರುಣ್ಯವಿರಲಿ ಎಂಬ ಭಾವನೆಯ ಉಪದೇಶವು ಈ ಪ್ರಶ್ನೆಯಿಂದಲೇ ಆಚರಣೆಗೆ ಇಳಿಯುತ್ತದೆ. ಹೀಗೆ ಕೇಳಿದವನ ಕಣ್ಣು ಒದ್ದೆಯಾದರೂ ಆಗಲಿ, ಅವನ ಕೈ ಮಾತ್ರ ಸುಮ್ಮನಿರುವುದಿಲ್ಲ. ಚಿಂತೆಯು ದಯೆಯಾಗಿ ಪರಿಣಮಿಸಿತೇ ಇಲ್ಲವೇ ಎಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ.

ವ್ರತಿಗಳ ಮನೆಯಲ್ಲಿ ಮಾತ್ರ ಹುಟ್ಟಬಹುದಾದ ಒಂದು ಭ್ರಾಂತಿಯನ್ನು ಇಲ್ಲಿ ಸ್ಪಷ್ಟವಾಗಿ ಎತ್ತಿ ಹೇಳಬೇಕಾಗಿದೆ. ಚಳಿಯಲ್ಲಿ ನಾಯಿ ಅನ್ನವನ್ನು ಮುಟ್ಟದೆ ಮಲಗಿದಾಗ 'ಇದೂ ನಮ್ಮೊಡನೆ ಉಪವಾಸ ಮಾಡುತ್ತಿದೆ, ಎಂತಹ ಪುಣ್ಯಜೀವಿ' ಎಂದು ಸಂತೋಷಪಡುವವರುಂಟು. 'ದಿಗಂಬರ ಮುನಿಗಳು ಬರಿಮೈಯಲ್ಲಿ ಚಳಿಯನ್ನು ಸಹಿಸುತ್ತಾರೆ, ರೋಮವಿರುವ ನಾಯಿಗೇನು' ಎನ್ನುವವರೂ ಉಂಟು. ಶೀತಪರೀಷಹವು ಇಪ್ಪತ್ತೆರಡು ಪರೀಷಹಗಳಲ್ಲಿ ಒಂದು, ನಿಜ. ಆದರೆ ಅದನ್ನು ಜಯಿಸುವವರು ಸಂವರ-ನಿರ್ಜರೆಗಳನ್ನು ಅರಿತು, ಸ್ವಇಚ್ಛೆಯಿಂದ, ಸಮಭಾವದಿಂದ ಸಹಿಸುತ್ತಾರೆ. ಅರಿವೂ ಸಮ್ಮತಿಯೂ ಇಲ್ಲದೆ ಮೈಮೇಲೆ ಬಿದ್ದ ಚಳಿಯು ಬರಿಯ ದುಃಖ. ಉಪವಾಸವೂ ಹಾಗೆಯೇ. ಆಹಾರವಿದ್ದು, ಹಸಿವಿದ್ದು, ಅರಿತು ತ್ಯಜಿಸಿದರೆ ಅದು ತಪಸ್ಸು. ಹೊಟ್ಟೆನೋವಿನಿಂದ ತಿನ್ನಲಾರದೆ ಬಿಟ್ಟರೆ ಅದು ರೋಗ.

ತಿರ್ಯಂಚ ಜೀವಿಗಳಿಗೆ ವ್ರತವೇ ಇಲ್ಲವೆಂದು ಇದರ ಅರ್ಥವಲ್ಲ. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚರಿಗೆ ದೇಶವ್ರತದ ಗುಣಸ್ಥಾನದವರೆಗೂ ಏರುವ ಯೋಗ್ಯತೆಯನ್ನು ಆಗಮವು ಒಪ್ಪಿದೆ. ಮಹಾವೀರ ತೀರ್ಥಂಕರರ ಜೀವವು ಪೂರ್ವಭವದಲ್ಲಿ ಸಿಂಹವಾಗಿದ್ದಾಗ ಚಾರಣ ಮುನಿಗಳ ಉಪದೇಶ ಕೇಳಿ ಆಹಾರವನ್ನು ತ್ಯಜಿಸಿದ ಕಥೆಯೂ, ಪಾರ್ಶ್ವನಾಥರ ಜೀವವು ವಜ್ರಘೋಷವೆಂಬ ಆನೆಯಾಗಿದ್ದಾಗ ಅಣುವ್ರತಗಳನ್ನು ಹೊತ್ತ ಕಥೆಯೂ ಪುರಾಣಗಳಲ್ಲಿ ಪ್ರಸಿದ್ಧವಾಗಿವೆ. ಈ ಎರಡು ಕಥೆಗಳಲ್ಲಿಯೂ ಗಮನಿಸಬೇಕಾದ ಅಂಶ ಒಂದಿದೆ. ವ್ರತವು ಆ ಜೀವದ ಒಳಗಿನಿಂದ ಎದ್ದಿತು. ಬೇರೆ ಯಾರೂ ಅದರ ಮೇಲೆ ವ್ರತವನ್ನು ಹೇರಲಿಲ್ಲ. ಸಲ್ಲೇಖನೆಯ ವಿಷಯದಲ್ಲಿಯೂ ಶಾಸ್ತ್ರದ ನಿಲುವು ಇದೇ. ಆದುದರಿಂದ ಮುದಿನಾಯಿ ಬಟ್ಟಲಿಗೆ ಬೆನ್ನು ತಿರುಗಿಸಿ ಮಲಗಿದುದನ್ನು ಸಲ್ಲೇಖನೆಯೆಂದು ಕರೆದು ವೈದ್ಯನನ್ನು ಕರೆಯದೆ ಕೂರುವುದು ಆ ಪವಿತ್ರ ಶಬ್ದಕ್ಕೂ ಆ ಬಡಜೀವಕ್ಕೂ ಬಗೆಯುವ ಅನ್ಯಾಯ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನೆನೆಯಿರಿ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಬಯಸಿದ ಎಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಬಿಡುಬೀಸಾಗಿರುವ ನಾಯಿ ಚಳಿಯಾದಾಗ ಬಿಸಿಲು ಬಿದ್ದ ಜಗಲಿಯನ್ನೋ ಒಲೆಯ ಬೂದಿಯನ್ನೋ ತಾನೇ ಹುಡುಕಿಕೊಳ್ಳುತ್ತದೆ. ಹಿತ್ತಿಲಲ್ಲಿ ಗಿಡ್ಡ ಸರಪಳಿಗೆ ಕಟ್ಟಿದ ನಾಯಿಗೆ ಆ ಉಪಾಯವೂ ಇಲ್ಲ. ಅದನ್ನು ಕಟ್ಟಿದವನು ಅದರ ಬಿಸಿಲನ್ನೂ ನೀರನ್ನೂ ಒದಗಿಸುವ ಹೊಣೆಯನ್ನು ಹೊತ್ತುಕೊಂಡಂತಾಯಿತು. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯೂ ಸಾಕಿದವನು ಸಾಕಷ್ಟು ಅನ್ನ, ನೀರು, ಆಶ್ರಯಗಳನ್ನು ಕೊಡದಿರುವುದನ್ನು ಅಪರಾಧವೆಂದು ಎಣಿಸಿದೆ. ಶ್ರಾವಕನಿಗೆ ಈ ಮಾತನ್ನು ಆಚಾರ್ಯರು ಅದಕ್ಕಿಂತ ಬಹಳ ಮೊದಲೇ ಹೇಳಿದ್ದರು.

ಅನ್ನಪಾನನಿರೋಧವು ಉಪವಾಸದ ಮನೆಯಲ್ಲಿ ತಿಳಿಯದಂತೆಯೇ ನುಸುಳಬಹುದು. ಒಲೆ ಹೊತ್ತದ ದಿನ ನಾಯಿಯ ಅನ್ನದ ನೆನಪು ಯಾರಿಗೂ ಬಾರದೆ ಹೋಗಬಹುದು. ಸೂರ್ಯಾಸ್ತಕ್ಕೆ ಮೊದಲು ಉಣ್ಣುವ ಮನೆಯಲ್ಲಿ ಚಳಿಗಾಲದ ರಾತ್ರಿ ದೀರ್ಘ. ಸಂಜೆ ಐದೂವರೆಗೆ ತಿಂದ ನಾಯಿಗೆ ಮರುದಿನ ಎಂಟು ಗಂಟೆಗೆ ಅನ್ನ ಸಿಕ್ಕರೆ ನಡುವೆ ಹದಿನಾಲ್ಕೂವರೆ ತಾಸು ಕಳೆದಿರುತ್ತದೆ. ಬೆಳೆದ, ಆರೋಗ್ಯವಂತ ನಾಯಿಗೆ ಇದರಿಂದ ಬಾಧೆಯಿಲ್ಲ. ಎರಡು ಮೂರು ತಿಂಗಳ ಪುಟ್ಟ ಮರಿಗೆ ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪಸ್ವಲ್ಪ ಆಹಾರ ಬೇಕು. ಅದಕ್ಕೂ, ಕಾಯಿಲೆಯಿಂದ ಕೃಶವಾದ ನಾಯಿಗೂ ಈ ಅಂತರ ಅಪಾಯಕಾರಿ. ಹಗಲಿನಲ್ಲಿ ಸಿದ್ಧಪಡಿಸಿದ ಅನ್ನವನ್ನು ಅದರ ಮುಂದಿಟ್ಟರೆ ನಮ್ಮ ರಾತ್ರಿಭೋಜನತ್ಯಾಗಕ್ಕೆ ಭಂಗವಿಲ್ಲ. ತ್ಯಾಗವು ನಮ್ಮದು, ಹಸಿವು ಅದರದು.

'ಎಲ್ಲವೂ ಅದರ ಅಸಾತಾವೇದನೀಯ ಕರ್ಮದ ಉದಯ, ನಾವೇನು ಮಾಡಬಲ್ಲೆವು' ಎಂಬ ಆಕ್ಷೇಪ ಉಳಿಯಿತು. ಕರ್ಮದ ಉದಯವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಅವಲಂಬಿಸಿದೆಯೆಂದು ಅದೇ ಕರ್ಮಸಿದ್ಧಾಂತವೇ ಹೇಳುತ್ತದೆ. ತಣ್ಣನೆಯ ನೆಲವು ನಿಮಿತ್ತವಾಗಬಹುದಾದರೆ ಬೆಚ್ಚನೆಯ ಕಂಬಳಿಯೂ ನಿಮಿತ್ತವಾಗಬಾರದೇಕೆ? ನಮಗೆ ಜ್ವರ ಬಂದಾಗ ಈ ಆಕ್ಷೇಪವನ್ನು ಯಾರೂ ಎತ್ತುವುದಿಲ್ಲ; ಔಷಧದ ಅಂಗಡಿಗೆ ಹೋಗುತ್ತೇವೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಮೊದಲ ಮೂರೂ ಮೂಕಜೀವಿಗೆ ಸಲ್ಲಬಲ್ಲವು. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ ಮಂದಿರದಲ್ಲಿ ಪಕ್ಷಿಗಳ ಆಸ್ಪತ್ರೆಯನ್ನು ಕಟ್ಟಿದವರು ಕರ್ಮಸಿದ್ಧಾಂತವನ್ನು ಅರಿಯದವರೇನಲ್ಲ.

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ಮೊದಲನೆಯದು ನೋಡುವುದು. ಯಾವಾಗಿನಿಂದ ಹೀಗಾಗಿದೆ, ನೀರು ಕುಡಿಯಿತೇ, ಮಲಮೂತ್ರ ಸರಿಯಿದೆಯೇ, ಯಾವ ಕಾಲನ್ನು ಎತ್ತುತ್ತದೆ, ಏನನ್ನು ತಿಂದಿತು ಎಂಬುದನ್ನು ಗುರುತಿಟ್ಟುಕೊಂಡರೆ ವೈದ್ಯನಿಗೆ ಅದೇ ಅರ್ಧ ನೆರವು. ಮಲಗಲು ಗೋಣಿಯ ಮೇಲೆ ಕಂಬಳಿ ಹಾಸಿ ಗಾಳಿ ಬೀಸದ ಮೂಲೆಯಲ್ಲಿಡಬೇಕು. ಬಿಸಿನೀರಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿಯೇ ಇಡತಕ್ಕದ್ದು, ಇಲ್ಲವಾದರೆ ಚರ್ಮ ಸುಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಹಚ್ಚಿದರೆ ವಿಷಾನಿಲ ತುಂಬಿ ನಾಯಿಯ ಜೊತೆಗೆ ಮನೆಯವರ ಪ್ರಾಣಕ್ಕೂ ಕುತ್ತು. ಮನುಷ್ಯರಿಗೆ ಕೊಡುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಕೂಡದು. ಪಾಯಸದಲ್ಲಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲುದು. ಈರುಳ್ಳಿ ಬೆಳ್ಳುಳ್ಳಿಗಳೂ ಅದಕ್ಕೆ ವಿಷವೇ; ನಮ್ಮ ಅಡಿಗೆಮನೆಗಳಲ್ಲಿ ಆ ಭಯವಿಲ್ಲವೆಂಬುದು ಒಂದು ಸಮಾಧಾನ. ಒಂದು ದಿನ ಪೂರ್ತಿ ಏನನ್ನೂ ತಿನ್ನದಿದ್ದರೆ, ಮರಿಯಾದರೆ ಅದಕ್ಕೂ ಮೊದಲೇ, ಸಮೀಪದ ಪಶು ಆಸ್ಪತ್ರೆಗೆ ಒಯ್ಯಬೇಕು.

ದಯೆಯು ಎಚ್ಚರವನ್ನು ಬಿಡಬಾರದು. ಸಾಧುವಾದ ನಾಯಿ ದಿಢೀರನೆ ಕತ್ತಲಲ್ಲಿ ಅಡಗತೊಡಗಿದರೆ, ಕಾರಣವಿಲ್ಲದೆ ಕಚ್ಚಬಂದರೆ, ಜೊಲ್ಲು ಸುರಿಸಿ ನುಂಗಲಾರದೆ ಹೋದರೆ, ಅದರಲ್ಲೂ ಲಸಿಕೆ ಹಾಕಿಸದ ನಾಯಿಯಾದರೆ, ರೇಬೀಸ್ ರೋಗವನ್ನು ಶಂಕಿಸಲೇಬೇಕು. ಮಕ್ಕಳನ್ನು ದೂರವಿಟ್ಟು, ಬಾಯಿಗೆ ಕೈಹಾಕದೆ ವೈದ್ಯರಿಗೆ ತಿಳಿಸಬೇಕು. ಕಚ್ಚಿದ್ದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ಅಂದೇ ಲಸಿಕೆ ಪಡೆಯಬೇಕು. ಲಕ್ಷಣಗಳು ತೋರಿದ ಮೇಲೆ ಈ ರೋಗದಿಂದ ಬದುಕುವುದು ಅತಿ ವಿರಳ. ಲೂಯಿ ಪಾಶ್ಚರ್ 1885ರಲ್ಲಿ ಮೊದಲ ಲಸಿಕೆಯನ್ನು ಬಾಲಕನೊಬ್ಬನಿಗೆ ಕೊಟ್ಟಂದಿನಿಂದ ಈ ರಕ್ಷಣೆ ಮನುಷ್ಯನ ಕೈಯಲ್ಲಿದೆ. ನಾಯಿಗೆ ವರ್ಷವರ್ಷವೂ ಲಸಿಕೆ ಹಾಕಿಸುವುದು ಅದಕ್ಕೂ ನೆರೆಹೊರೆಗೂ ಏಕಕಾಲದಲ್ಲಿ ನೀಡುವ ಅಭಯದಾನ.

ಧರ್ಮದಿಂದ ನಾಯಿಯೂ ದೇವನಾಗಬಲ್ಲುದು, ಅಧರ್ಮದಿಂದ ದೇವನೂ ನಾಯಿಯಾಗಿ ಹುಟ್ಟಬಹುದು ಎಂಬ ಅಭಿಪ್ರಾಯವನ್ನು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸಿದಾಗ ಅದು ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾದ ಕಥೆಯನ್ನು ವಾದೀಭಸಿಂಹರ ಕ್ಷತ್ರಚೂಡಾಮಣಿಯಲ್ಲಿ ಓದುತ್ತೇವೆ. ಮದ್ದು ನಿಂತ ಎಡೆಯಲ್ಲಿ ಮಂತ್ರವು ದೊಡ್ಡ ಆಸರೆ. ಮದ್ದಿಗೆ ಅವಕಾಶವಿರುವಾಗ ಮಂತ್ರವನ್ನು ಜಪಿಸುತ್ತಲೇ ವೈದ್ಯನ ಬಾಗಿಲು ತಟ್ಟಬೇಕು.

ಶ್ರಾವಕ ಬಂಧುಗಳು ಮುಂದಿನ ಅಷ್ಟಮಿಯಂದು ಪ್ರತ್ಯಾಖ್ಯಾನ ಮಾಡುವ ಮುನ್ನ ಒಮ್ಮೆ ಹಿತ್ತಿಲಿಗೆ ಹೋಗಿ ಬರಲಿ. ನಮ್ಮ ತಟ್ಟೆ ಬರಿದಾಗಿರುವ ದಿನ ಆ ಮೂಕಜೀವಿಯ ಬಟ್ಟಲು ತುಂಬಿದೆಯೇ, ಅದರ ಹಾಸಿಗೆ ಒಣಗಿದೆಯೇ ಎಂದು ನೋಡುವುದು ಅಂದಿನ ಉಪವಾಸದ ಒಂದು ಅಂಗವೇ ಆಗಿದೆ.