ಮೊದಲು ಊಟ, ಆಮೇಲೆ ಉಪದೇಶ



ಆಳವಿ ಎಂಬ ಊರಿನ ಕಥೆಯೊಂದು ಧಮ್ಮಪದದ ಅಟ್ಠಕಥೆಯಲ್ಲಿದೆ. ಬುದ್ಧರು ಅಲ್ಲಿಗೆ ಬಂದ ದಿನವೇ ಒಬ್ಬ ಬಡ ರೈತನ ಎತ್ತು ಕಳೆದುಹೋಗಿತ್ತು. ಅವನು ಹುಡುಕಿ ಸುಸ್ತಾಗಿ, ಹೊತ್ತು ಮೀರಿ, ಹಸಿದ ಹೊಟ್ಟೆಯಲ್ಲೇ ಉಪದೇಶ ಕೇಳಲು ಬಂದ. ಬುದ್ಧರು ಅಲ್ಲಿಯವರೆಗೂ ಮಾತಾಡದೆ ಕಾದಿದ್ದರು. ಬಂದವನಿಗೆ ಮೊದಲು ಊಟ ಹಾಕಿಸಿ, ಆಮೇಲೆ ಧಮ್ಮ ಹೇಳಿದರು. ಜೊತೆಗಿದ್ದ ಭಿಕ್ಷುಗಳೇ ಇದೇನಿದೆಂದು ಗೊಣಗಿದರಂತೆ. ದಾನ ಎಂದಾಗಲೆಲ್ಲ ನನಗೆ ನೆನಪಾಗುವುದು ಆ ಕಾಯುವಿಕೆ.

ತಲೆಯ ಮೇಲೆ ಸೂರಿಲ್ಲದ ಸ್ಥಿತಿ ನಮಗೆ ಪರರ ಕಥೆಯಲ್ಲ. 1917ರಲ್ಲಿ ಕೊಲಂಬಿಯಾದಲ್ಲಿ ಓದಿ ಬಂದ ಬಾಬಾಸಾಹೇಬರಿಗೆ ಬರೋಡದಲ್ಲಿ ಕೆಲಸವಿತ್ತು, ಸಂಬಳವಿತ್ತು, ಮಲಗಲು ಜಾಗ ಮಾತ್ರ ಇರಲಿಲ್ಲ. ಪಾರ್ಸಿ ವಸತಿಗೃಹದಿಂದ ಕೋಲು ಹಿಡಿದವರು ಹೊರಹಾಕಿದರು. ಪರಿಚಯದ ಇಬ್ಬರು ನೆಪ ಹೇಳಿದರು. ಮುಂಬಯಿಯ ರೈಲು ಬರುವ ತನಕ ಅವರು ಕಾಮಾಠಿ ಬಾಗಿನಲ್ಲಿ ಕುಳಿತಿದ್ದರು. ಊರಲ್ಲಿ ಮನೆಗಳಿಗೆ ಬರವಿತ್ತೇ? ಮುಂದೆ 1924ರಲ್ಲಿ ಅವರು ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭಾ ಮರುವರ್ಷವೇ ಸೊಲ್ಲಾಪುರದಲ್ಲಿ ನಮ್ಮ ಮಕ್ಕಳಿಗೆ ಹಾಸ್ಟೆಲ್ ತೆರೆಯಿತು. ಸೂರು ಸಿಗದವರು ಸೂರು ಕಟ್ಟಿದರು.

ನಮ್ಮೂರಿನ ವಸತಿರಹಿತರ ಆಶ್ರಯ ಕೇಂದ್ರವನ್ನು ಒಂದು ಸಣ್ಣ ಸಂಸ್ಥೆ ನಡೆಸುತ್ತಿದೆ. ಹೋದ ತಿಂಗಳು ಅಲ್ಲಿದ್ದಾಗ ವಯಸ್ಸಾದ ಒಬ್ಬರು ಬಂದರು, ಗಾರೆ ಕೆಲಸ ಮಾಡುತ್ತಿದ್ದವರು. ಕೇಂದ್ರದ ಹುಡುಗಿ ಹೆಸರು ಕೇಳಿದಳು, ಊರು ಕೇಳಿದಳು. ಮುಂದಿನ ಪ್ರಶ್ನೆ ಏನೆಂದು ಅಜ್ಜನಿಗೆ ಗೊತ್ತಿತ್ತು, ಉತ್ತರಕ್ಕೆ ತಲೆ ತಗ್ಗಿಸಿಯೂ ಆಗಿತ್ತು. ಅವಳು ಕೇಳಿದ್ದು, "ಊಟ ಆಯ್ತಾ ಅಜ್ಜ?" ಅಷ್ಟೇ.

ಅನ್ನ, ಹಾಸಿಗೆ ಕೊಡುವುದು ಅಲ್ಲಿನ ಕೆಲಸದ ಅರ್ಧ ಮಾತ್ರ. ಕಾಗದಪತ್ರ ಕಳೆದವರಿಗೆ ಆಧಾರ್ ಮಾಡಿಸುವುದು, ಸಂಧ್ಯಾ ಸುರಕ್ಷಾ ಅರ್ಜಿ ತುಂಬುವುದು, ಆಸ್ಪತ್ರೆಯಲ್ಲಿ ಜೊತೆಗೆ ನಿಲ್ಲುವುದು. ವಿಳಾಸವಿಲ್ಲದವರಿಗೆ ಕಾರ್ಡಿಲ್ಲ, ಕಾರ್ಡಿಲ್ಲದವರಿಗೆ ರೇಷನ್ ಇಲ್ಲ, ಪಿಂಚಣಿ ಇಲ್ಲ. ಈ ಗಂಟು ಬಿಚ್ಚಲು ಒಬ್ಬರು ಹತ್ತು ಸಲ ಕಚೇರಿಗೆ ಅಲೆಯಬೇಕು.

ಇದು ಯಾರೋ ಪುಣ್ಯಾತ್ಮರ ಕೃಪೆಯೂ ಅಲ್ಲ. ನಗರದ ಪ್ರತಿ ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಆಶ್ರಯವಿರಬೇಕು ಎಂದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮವೇ ಹೇಳಿತ್ತು. ನಮ್ಮ ಆಸ್ತಿ ತೆರಿಗೆಯ ರಸೀದಿಯಲ್ಲಿ ಭಿಕ್ಷುಕರ ಕರ ಎಂಬ ಸಾಲಿದೆ, ನೋಡಿ. (ಭಿಕ್ಷು, ಭಿಕ್ಷುಕ ಎರಡಕ್ಕೂ ಬೇರು ಒಂದೇ. ಒಬ್ಬರಿಗೆ ಕೈಮುಗಿಯುತ್ತೇವೆ, ಇನ್ನೊಬ್ಬರನ್ನು ವ್ಯಾನಿಗೆ ಹತ್ತಿಸುತ್ತೇವೆ.) ಚಕ್ಕವತ್ತಿ ಸೀಹನಾದ ಸುತ್ತದಲ್ಲಿ ಬುದ್ಧರು ಕಳ್ಳತನ, ಹಿಂಸೆಗಳ ಮೂಲವನ್ನು ಹುಡುಕುತ್ತಾ ಹೋಗಿ ನಿಲ್ಲುವುದು ಬಡವರಿಗೆ ಧನ ಕೊಡದ ರಾಜನ ಬಳಿ. ಬಡವನ ಹಿಂದಿನ ಜನ್ಮದ ಪಾಪದ ಬಳಿ ಅಲ್ಲ. ಹಾಗಾಗಿ ಕೊಡುವುದೂ ನಮ್ಮ ಕೆಲಸ, ನಗರಸಭೆಯನ್ನು ಕೇಳುವುದೂ ನಮ್ಮ ಕೆಲಸ.

ಜಯಂತಿಯ ದಿನ ಹಣ್ಣು, ಬ್ರೆಡ್ಡು ಹಂಚಿ, ಪಡೆದವರನ್ನು ನಿಲ್ಲಿಸಿ ಫೋಟೋ ತೆಗೆಯುವ ಪದ್ಧತಿ ನಮ್ಮಲ್ಲೂ ಬೆಳೆಯುತ್ತಿದೆ. ನನಗೆ ಅದು ಸರಿಕಾಣುವುದಿಲ್ಲ. ಆ ಫೋಟೋ ಅವರ ಮಕ್ಕಳ ಮೊಬೈಲಿಗೂ ಹೋಗುತ್ತದೆ.

ಭಾನುವಾರ ವಂದನೆ ಮುಗಿದ ಮೇಲೆ ಕೇಂದ್ರಕ್ಕೆ ಹೋಗೋಣ. ಅವರು ಕೇಳಿರುವುದು ಹೊದಿಕೆ, ಮತ್ತು ಅರ್ಜಿ ತುಂಬಲು ಬರುವ ಇಬ್ಬರನ್ನು. ಒಬ್ಬ ನಾನು. ಇನ್ನೊಬ್ಬರು ಈ ಗುಂಪಿನಲ್ಲೇ ಹೆಸರು ಹಾಕಿ. ಫೋನು ಜೇಬಿನಲ್ಲೇ ಇರಲಿ.

ಜೈ ಭೀಮ್. ನಮೋ ಬುದ್ಧಾಯ.