ಹಿಂದಕ್ಕೆ ಕೊಡಲಾಗದ ಸಾಲ

2024ರಲ್ಲಿ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ರಂದು ಬಂತು. ಅಂದು ಗಾಂಧಿ ಜಯಂತಿ. ಬೆಂಗಳೂರಿನಲ್ಲಿ ಮಾಂಸದಂಗಡಿ ತೆರೆಯುವಂತಿಲ್ಲ, ಮದ್ಯದಂಗಡಿಯೂ ಬಂದ್. ರಾಷ್ಟ್ರಪಿತನಿಗೂ ಮನೆಯ ಪಿತೃಗಳಿಗೂ ಒಂದೇ ದಿನ ಸಲ್ಲಿಸಬೇಕಾಗಿ ಬಂದು ಹಳೇ ಮೈಸೂರು ಸೀಮೆಯ ಮನೆಗಳಿಗೆ ಸಣ್ಣದೊಂದು ಧರ್ಮಸಂಕಟ. ಹಿರಿಯರ ಹಬ್ಬಕ್ಕೆ ಬಾಡೂಟವಿಲ್ಲದೆ ಎಡೆ ಇಡುವುದುಂಟೆ? ಫ್ರಿಜ್ಜು ಇದ್ದವರಿಗೆ ಹಿಂದಿನ ದಿನವೇ ತಂದಿಟ್ಟುಕೊಳ್ಳುವ ದಾರಿಯಿತ್ತು. ಹಿತ್ತಲಲ್ಲಿ ಕೋಳಿ ಸಾಕಿಕೊಂಡಿದ್ದ ಊರ ಕಡೆಯವರಿಗೆ ಆ ಚಿಂತೆಯೂ ಇರಲಿಲ್ಲ.

ಈ ಹಬ್ಬವನ್ನು ಹತ್ತಿರದಿಂದ ನೋಡಬೇಕು. ನಡುಮನೆಯ ಗೋಡೆಗೆ ಅಪ್ಪನ, ತಾತನ ಫೋಟೊ ಒರಗಿಸುತ್ತಾರೆ. ಫೋಟೊ ತೆಗೆಸಿಕೊಳ್ಳದೆಯೇ ಹೋದ ಮುತ್ತಾತನ ಹೆಸರಿಗೆ ಒಂದು ಕಳಶ. ಪಕ್ಕದಲ್ಲಿ ಮಡಿಕೆ ಬಿಚ್ಚದ ಪಂಚೆ, ಟವೆಲ್ಲು, ಸೀರೆ. ಬಾಳೆ ಎಲೆಯ ಮೇಲೆ ಮುದ್ದೆ, ಸಾರು, ವಡೆ, ಕಜ್ಜಾಯ. ತಾತ ಬೀಡಿ ಸೇದುತ್ತಿದ್ದರೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣದ ಸಮೇತ. ಅಜ್ಜಿಗೆ ಎಲೆ, ಅಡಿಕೆ, ಕಡ್ಡಿಪುಡಿ. ಕೆಲವು ಮನೆಗಳಲ್ಲಿ ಮಗ ಯಾರಿಗೂ ಕಾಣದ ಹಾಗೆ ಒಂದು ಕ್ವಾರ್ಟರ್ ಬಾಟಲಿಯನ್ನೂ ತಂದಿಡುತ್ತಾನೆ. ಅಪ್ಪ ಬದುಕಿದ್ದಾಗ ಅದೇ ಬಾಟಲಿಗಾಗಿ ಅಪ್ಪನ ಜೊತೆ ವರ್ಷಗಟ್ಟಲೆ ಜಗಳವಾಡಿದವನು ಅವನೇ. ಮನೆಯವರೆಲ್ಲ ಸರದಿಯ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಕೈಮುಗಿದು, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತಾರೆ. ಹಿರಿಯರು ಬಂದು ಸಾವಕಾಶವಾಗಿ ಉಣ್ಣಲಿ ಎಂದು. ಆಮೇಲೆ ಬಾಗಿಲು ತೆಗೆದರೆ ಎಡೆಯ ಎಲೆಯಲ್ಲಿರುವ ಕಜ್ಜಾಯಕ್ಕೆ ಮೊಮ್ಮಕ್ಕಳ ಕಿತ್ತಾಟ. ತಾತನಿಗೆಂದು ಬಡಿಸಿದ್ದು ಹೋಗಿ ಸೇರುವುದು ಅವರ ಹೊಟ್ಟೆಗೆ.

ಇಲ್ಲಿ ಯಾರು ಯಾರಿಗೆ ಏನನ್ನು ಕೊಡುತ್ತಿದ್ದಾರೆ? ನಮ್ಮ ಪರಂಪರೆ ಇದಕ್ಕೆ ಇಟ್ಟ ಹೆಸರು ಪಿತೃಋಣ. ಎಲ್ಲರಿಗೂ ಗೊತ್ತಿರುವ ಮಾತು, ಆದ್ದರಿಂದಲೇ ಯಾರೂ ನಿಂತು ಯೋಚಿಸದ ಮಾತು. ತೈತ್ತಿರೀಯ ಸಂಹಿತೆಯಲ್ಲಿ ಇದು ಹಾದಿಯಲ್ಲಿ ಸಿಕ್ಕ ವಿಷಯದಂತೆ ಬರುತ್ತದೆ. ಬ್ರಾಹ್ಮಣನು ಹುಟ್ಟುತ್ತಲೇ ಮೂರು ಸಾಲ ಹೊತ್ತು ಹುಟ್ಟುತ್ತಾನೆ: ಋಷಿಗಳ ಸಾಲವನ್ನು ಓದಿನಿಂದ, ದೇವತೆಗಳದನ್ನು ಯಜ್ಞದಿಂದ, ಪಿತೃಗಳದನ್ನು ಸಂತಾನದಿಂದ ತೀರಿಸಬೇಕು. ಶತಪಥ ಬ್ರಾಹ್ಮಣ ಇದನ್ನು ಹುಟ್ಟುವ ಯಾವನಿಗೂ ಅನ್ವಯಿಸಿ, ಜೊತೆಗೆ ನಾಲ್ಕನೆಯ ಸಾಲವೊಂದನ್ನು ಸೇರಿಸುತ್ತದೆ. ಅದು ಮನುಷ್ಯರ ಸಾಲ. ಬಂದವರಿಗೆ ಇರಲು ಜಾಗ, ಉಣ್ಣಲು ಅನ್ನ ಕೊಟ್ಟರೆ ಅದು ತೀರುತ್ತದೆ. ಈ ನಾಲ್ಕನೆಯದು ನಮ್ಮ ಪ್ರವಚನಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ನನಗಂತೂ ಅದು ಎಲ್ಲಕ್ಕಿಂತ ಹೆಚ್ಚು ಇಷ್ಟ.

ತಂದೆಯ ಸಾಲಕ್ಕೆ ಹೇಳಿರುವ ತೀರುವಳಿಯನ್ನು ಗಮನಿಸಿ. ತಂದೆಗೆ ತಿರುಗಿ ಕೊಡು ಎಂದಿಲ್ಲ. ನಿನಗೆ ಸಿಕ್ಕ ಬಾಳನ್ನು ಇನ್ನೊಬ್ಬರಿಗೆ ಕೊಡು ಎಂದಿದೆ. ಕೊಟ್ಟವನೊಬ್ಬ, ಪಡೆದವನೊಬ್ಬ, ವಸೂಲಿ ಮಾಡಿಕೊಳ್ಳುವವನು ಮೂರನೆಯವನು, ಅವನಿನ್ನೂ ಹುಟ್ಟಿಯೇ ಇಲ್ಲ! ಯಾವ ಸಾಹುಕಾರನ ಲೆಕ್ಕದ ಪುಸ್ತಕದಲ್ಲೂ ಇಂಥ ವ್ಯವಹಾರ ಇರಲಾರದು.

ಹಳೆಯ ತಾರ್ಕಿಕರ ಕಣ್ಣಿಗೂ ಇದು ಬಿದ್ದಿತ್ತು. ಗೌತಮನ ನ್ಯಾಯಸೂತ್ರಗಳಲ್ಲಿ ಒಬ್ಬ ಆಕ್ಷೇಪಕ ಎದ್ದು ನಿಲ್ಲುತ್ತಾನೆ. ಮನುಷ್ಯ ಹುಟ್ಟಿದಾಗಿನಿಂದ ಸಾಲಗಾರನಾದರೆ ಅದನ್ನು ತೀರಿಸುವುದರಲ್ಲೇ ಆಯುಷ್ಯ ಮುಗಿಯಿತು, ಮೋಕ್ಷಕ್ಕೆ ಬಿಡುವೆಲ್ಲಿ ಎಂಬುದು ಅವನ ಪಟ್ಟು. ಭಾಷ್ಯಕಾರ ವಾತ್ಸ್ಯಾಯನನ ಉತ್ತರ ಸರಳ. ಇಲ್ಲಿ ಸಾಲ ಎಂಬ ಮಾತು ಗೌಣ ಅರ್ಥದ್ದು. ನಿಜವಾದ ಸಾಲವೆಂದರೆ ಒಬ್ಬ ತಿರುಗಿ ಬರುತ್ತದೆಂದು ಕೊಟ್ಟಿರಬೇಕು, ಇನ್ನೊಬ್ಬ ತಿರುಗಿ ಕೊಡುತ್ತೇನೆಂದು ಪಡೆದಿರಬೇಕು. ಇಲ್ಲಿ ಎರಡೂ ಇಲ್ಲ. ಹುಟ್ಟುತ್ತಲೇ ಎಂಬುದನ್ನೂ ಹಾಗೆಯೇ ತಿಳಿಯಬೇಕು. ತೊಟ್ಟಿಲ ಕೂಸಿಗೆ ಯಾರೂ ಯಜ್ಞ ಮಾಡೆಂದು ಹೇಳುವುದಿಲ್ಲ, ಗೃಹಸ್ಥನಾದಾಗ ಎಂದು ಅದರ ಅರ್ಥ. ಇಷ್ಟು ಹಿಂದೆಯೇ ಇತ್ಯರ್ಥವಾದ ಸಂಗತಿಯನ್ನು ನಮ್ಮ ಮನೆಗಳು ಇನ್ನೂ ಒಪ್ಪಿಕೊಂಡಿಲ್ಲ. ‘ನಿನ್ನನ್ನು ಓದಿಸಲು ನಾನೆಷ್ಟು ಸುರಿದಿದ್ದೇನೆ ಗೊತ್ತೇನೋ’ ಎಂದು ಮಗನ ಮುಂದೆ ಲೆಕ್ಕ ಬಿಚ್ಚುವ ಅಪ್ಪಂದಿರು ವೇದದ ಕಡೆಯವರೂ ಅಲ್ಲ, ತರ್ಕದ ಕಡೆಯವರೂ ಅಲ್ಲ.

ಅರಿಸ್ಟಾಟಲನೂ ಇದನ್ನು ಸಾಲವೆಂದೇ ಹಿಡಿದ. ತನ್ನ ನೀತಿಶಾಸ್ತ್ರದಲ್ಲಿ ಅವನು ಹೇಳುವ ಪ್ರಕಾರ ತಂದೆ ಮಗನನ್ನು ಬಿಡಬಹುದು, ಮಗ ತಂದೆಯನ್ನು ಬಿಡುವಂತಿಲ್ಲ. ಸಾಲಗಾರ ತೀರಿಸಲೇಬೇಕು, ಮಗ ಏನು ಮಾಡಿದರೂ ಅದು ತೀರದು; ಸಾಲ ಕೊಟ್ಟವನಿಗೆ ಮಾತ್ರ ಮನ್ನಾ ಮಾಡುವ ಅಧಿಕಾರ. ಅಮೆರಿಕದ ತತ್ತ್ವಜ್ಞಾನಿ ಜೇನ್ ಇಂಗ್ಲಿಷ್ ಅವರ 1979ರ ಪ್ರಬಂಧ ಇದಕ್ಕೆ ನೇರ ವಿರುದ್ಧ. ಬೆಳೆದ ಮಕ್ಕಳು ತಂದೆತಾಯಿಗೆ ಏನನ್ನೂ ತೀರಿಸಬೇಕಾಗಿಲ್ಲ, ಇಬ್ಬರ ನಡುವೆ ಇರಬೇಕಾದದ್ದು ಸ್ನೇಹ, ಸ್ನೇಹದಲ್ಲಿ ಬಾಕಿ ಎಂಬುದಿಲ್ಲ ಎಂದು ಅವರ ವಾದ. ಅಂಗುತ್ತರ ನಿಕಾಯದಲ್ಲಿ ಬುದ್ಧ ಬೇರೊಂದು ಲೆಕ್ಕ ಹೇಳುತ್ತಾನೆ: ತಾಯಿಯನ್ನು ಒಂದು ಹೆಗಲ ಮೇಲೆ, ತಂದೆಯನ್ನು ಇನ್ನೊಂದು ಹೆಗಲ ಮೇಲೆ ನೂರು ವರ್ಷ ಹೊತ್ತರೂ ಸಾಲದು, ಆದರೆ ಜಿಪುಣರಾದ ತಂದೆತಾಯಿಗೆ ಕೊಡುವುದನ್ನು ಕಲಿಸಿದರೆ, ಶೀಲವಿಲ್ಲದವರಲ್ಲಿ ಶೀಲ ನೆಲೆಗೊಳಿಸಿದರೆ ತೀರಿತು. ಮಗನೇ ಅಪ್ಪನಿಗೆ ಗುರುವಾಗುವ ಈ ದಾರಿ ಕೇಳಲು ಸೊಗಸು, ನಮ್ಮ ಮನೆಗಳಲ್ಲಿ ಪ್ರಯೋಗ ಮಾಡಿ ನೋಡಿದವರ ಪಾಡು ಮಾತ್ರ ಬೇರೆ. ತೀರದು ಎಂದವನೂ, ಇಲ್ಲವೇ ಇಲ್ಲ ಎಂದವರೂ, ತೀರಿಸಬಹುದು ಎಂದವನೂ ತಂದೆಯ ಕಡೆಗೇ ಮುಖ ಮಾಡಿ ಮಾತಾಡುತ್ತಿದ್ದಾರೆ. ತೈತ್ತಿರೀಯದ ಮುಖ ಇರುವುದು ಮೊಮ್ಮಗನ ಕಡೆಗೆ.

ಮಹಾಭಾರತದ ಅನುಶಾಸನ ಪರ್ವದಲ್ಲಿ ಇದನ್ನೇ ಕಣ್ಣಿಗೆ ಕಟ್ಟಿಸುವ ಒಂದು ಪ್ರಸಂಗವಿದೆ. ಭೀಷ್ಮ ಗಂಗಾದ್ವಾರದಲ್ಲಿ ತಂದೆ ಶಂತನುವಿಗೆ ಶ್ರಾದ್ಧ ಮಾಡುತ್ತಿದ್ದಾನೆ. ಪಿಂಡ ಇಡುವ ಹೊತ್ತಿಗೆ ನೆಲವನ್ನು ಸೀಳಿಕೊಂಡು ಆಭರಣ ತೊಟ್ಟ ತೋಳೊಂದು ಮೇಲೆದ್ದು ಅಂಗೈ ಚಾಚುತ್ತದೆ. ತಂದೆಯದೇ ಕೈ. ಬೇರೆ ಯಾರಾದರೂ ಆಗಿದ್ದರೆ ಪಿಂಡವನ್ನು ಆ ಕೈಗೇ ಇಟ್ಟು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಭೀಷ್ಮ ಯೋಚಿಸುತ್ತಾನೆ: ವಿಧಿ ಹೇಳಿರುವುದು ದರ್ಭೆಯ ಮೇಲೆ ಇಡು ಎಂದು, ಕೈಯಲ್ಲಿಡು ಎಂದಲ್ಲ. ಚಾಚಿದ ಕೈಯನ್ನು ಬಿಟ್ಟು ದರ್ಭೆಯ ಮೇಲೆಯೇ ಇಡುತ್ತಾನೆ. ಪಿತೃಗಳು ಮೆಚ್ಚುತ್ತಾರೆ. ಶಾಸ್ತ್ರನಿಷ್ಠೆಯ ಹೊಗಳಿಕೆಯೆಂದು ಇದನ್ನು ಓದುವುದು ವಾಡಿಕೆ. ಇದರಲ್ಲಿ ಇನ್ನೊಂದು ಮಾತೂ ಇದೆ ಅನಿಸುತ್ತದೆ: ಕೊಟ್ಟವನೇ ಎದುರಿಗೆ ಬಂದು ಕೈಯೊಡ್ಡಿದರೂ ಈ ಸಾಲವನ್ನು ಆ ಕೈಗೆ ಹಿಂತಿರುಗಿಸಲು ಬರುವುದಿಲ್ಲ.

ಇಷ್ಟು ಕಟ್ಟುನಿಟ್ಟಾಗಿ ಪಿತೃಕಾರ್ಯ ಮಾಡಿದ ಆ ಭೀಷ್ಮನಿಗೆ ಮಕ್ಕಳಿಲ್ಲ. ಸಂತಾನದಿಂದಲೇ ಸಾಲ ತೀರುತ್ತದೆ ಎಂಬ ಮಾತನ್ನು ಅಕ್ಷರಶಃ ಹಿಡಿದರೆ ಅವನಂಥ ಬಾಕಿದಾರ ಇನ್ನೊಬ್ಬನಿಲ್ಲ. ಆದರೂ ಕುರುವಂಶಕ್ಕೆಲ್ಲ ಅವನೇ ಪಿತಾಮಹ. ಭೀಷ್ಮಾಷ್ಟಮಿಯಂದು ಅವನ ಕುಲದವರಲ್ಲದವರೂ ಅವನಿಗೆ ಜಲತರ್ಪಣ ಕೊಡುತ್ತಾರೆ. ಎರಡು ತಲೆಮಾರಿನ ಹುಡುಗರನ್ನು ಸಾಕಿ, ಕಲಿಸಿ, ಗದರಿಸಿ ದೊಡ್ಡವರನ್ನಾಗಿ ಮಾಡಿದವನನ್ನು ತಾತ ಎನ್ನಲು ರಕ್ತದ ರುಜುವಾತು ಬೇಡವೆಂದು ಪರಂಪರೆ ಸದ್ದಿಲ್ಲದೆ ಒಪ್ಪಿಕೊಂಡಿದೆ. ಬಸವಣ್ಣ ಅದನ್ನು ಸದ್ದು ಮಾಡಿಯೇ ಹೇಳಿದ. ಬ್ರಾಹ್ಮಣ ಕುಲದಲ್ಲಿ ಹುಟ್ಟಿದವನು ಮಾದಾರ ಚೆನ್ನಯ್ಯನನ್ನು ಅಪ್ಪನೆಂದೂ ಡೋಹರ ಕಕ್ಕಯ್ಯನನ್ನು ಬೊಪ್ಪನೆಂದೂ ಕರೆದು ತನ್ನ ವಂಶಾವಳಿಯನ್ನು ತಾನೇ ಬರೆದುಕೊಂಡ. ಹಿರಿಯರನ್ನು ಆರಿಸಿಕೊಳ್ಳಬಹುದು ಎಂಬ ಈ ಮಾತು ಹನ್ನೆರಡನೆಯ ಶತಮಾನದಲ್ಲಿ ಎಷ್ಟು ಕಿಡಿಯುಳ್ಳದ್ದಾಗಿತ್ತೋ ಇಂದಿಗೂ ಅಷ್ಟೇ.

ಶ್ರಾದ್ಧದಲ್ಲಿ ಪಿಂಡ ಮೂರೇ: ಅಪ್ಪ, ಅಜ್ಜ, ಮುತ್ತಜ್ಜ. ಅಪ್ಪನಿಗೆ ವಸುವಿನ ರೂಪ, ಅಜ್ಜನಿಗೆ ರುದ್ರನದು, ಮುತ್ತಜ್ಜನಿಗೆ ಆದಿತ್ಯನದು. ಅವರಿಗಿಂತ ಹಿಂದಿನ ಮೂವರಿಗೆ ಪಿಂಡವಿಲ್ಲ, ಪಿಂಡ ಕಟ್ಟಿದ ಕೈಗೆ ಮೆತ್ತಿದ ಅಗುಳನ್ನು ದರ್ಭೆಗೆ ಒರೆಸಿದಾಗ ಅಷ್ಟೇ ಅವರ ಪಾಲು. ಮನೆಯಲ್ಲಿ ಹೊಸದಾಗಿ ಒಬ್ಬರು ತೀರಿಕೊಂಡು, ಅವರನ್ನು ಪಿತೃಗಳ ಸಾಲಿಗೆ ಸೇರಿಸುವ ಸಪಿಂಡೀಕರಣವಾದಾಗ ಸಾಲಿನ ತುದಿಯಲ್ಲಿದ್ದ ಮುತ್ತಜ್ಜ ಆ ಅಗುಳಿನವರ ಗುಂಪಿಗೆ ಸರಿಯುತ್ತಾನೆ. ಕಂಡಕ್ಟರ್ ‘ಹಿಂದೆ ಹೋಗ್ರಿ, ಹಿಂದೆ ಹೋಗ್ರಿ’ ಎಂದಾಗ ಬಸ್ಸಿನಲ್ಲಿ ಜನ ಸರಿದ ಹಾಗೆ. ಸತ್ತವರನ್ನು ಅನಂತಕಾಲ ನೆನೆಯುತ್ತೇವೆಂಬ ಭ್ರಮೆ ಈ ವಿಧಿಗೆ ಇಲ್ಲ. ಕಂಡು ಮಾತಾಡಿಸಿದವರು, ಅವರ ಬಾಯಿಂದ ಕೇಳಿ ತಿಳಿದವರು ಎಷ್ಟು ಜನವೋ ಅಷ್ಟಕ್ಕೇ ಹೆಸರು. ನೆನಪಿನ ಅಳತೆ ತಿಳಿದವರು ಮಾಡಿದ ನಿಯಮ ಇದು. ಆದರೂ ಆ ಮೂರು ಹೆಸರು ಬಾಯಲ್ಲಿರುವವರು ಎಷ್ಟು ಜನ? ಪುರೋಹಿತರು ‘ಪ್ರಪಿತಾಮಹರ ಹೆಸರು?’ ಎಂದೊಡನೆ ಎದ್ದು ಊರಿನ ಸೋದರತ್ತೆಗೆ ಫೋನು ಮಾಡಲು ಜಗಲಿಗೆ ಓಡುವವರನ್ನು ನೀವೂ ನೋಡಿರುತ್ತೀರಿ. ಅತ್ತೆಗೆ ಹೆಸರಷ್ಟೇ ಅಲ್ಲ, ಅವರು ಮೂರನೇ ಮದುವೆಯಾದ ಕತೆಯೂ ಗೊತ್ತಿರುತ್ತದೆ. ಫೋನು ಸ್ಪೀಕರಿನಲ್ಲಿದ್ದರೆ ಶ್ರಾದ್ಧ ತಡವಾಗುತ್ತದೆ.

ಮಹಾಲಯದಲ್ಲಿ ಮಾತ್ರ ಈ ಸಾಲು ಅಗಲವಾಗುತ್ತದೆ. ತಾಯಿಯ ತಂದೆ, ಅವರ ತಂದೆ, ಅಜ್ಜಿಯರು, ಮಾವ, ಅತ್ತೆ, ಗುರು, ಗೆಳೆಯ, ಎಲ್ಲರಿಗೂ ಪಾಲು. ಕೊನೆಗೆ ಧರ್ಮಪಿಂಡವೆಂದು ಒಂದು, ಹಿಂದೆಮುಂದೆ ಯಾರೂ ಇಲ್ಲದೆ ಹೋದವರಿಗೆ. ಹೆಸರು ಕೇಳದೆ ಕೊಡುವ ಈ ಪಿಂಡದಲ್ಲಿ ಶತಪಥದ ನಾಲ್ಕನೆಯ ಸಾಲ ಮತ್ತೆ ತಲೆಯೆತ್ತುತ್ತದೆ. ಕೊಡಗಿನಲ್ಲಿ ಒಂದೇ ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ತಮ್ಮ ಮೂಲಮನೆಯಾದ ಐನ್‌ಮನೆಗೆ ಬಂದು ಸೇರಿ ಮೂಲಪುರುಷನಾದ ಕಾರಣನಿಗೆ ಬಡಿಸುತ್ತಾರೆ. ತಾಯಿಯ ಕಡೆಯಿಂದ ಮನೆತನ ಎಣಿಸುವ ತುಳುನಾಡಿನಲ್ಲೂ ಹೋದವರಿಗೆ ಎಲೆ ಹಾಕುವುದು ತಪ್ಪಿಲ್ಲ. ಕರ್ನಾಟಕ ಸರ್ಕಾರ ಮಹಾಲಯಕ್ಕೆ ರಜೆ ಕೊಡುತ್ತದೆ. ಸತ್ತವರ ಹೆಸರಿನಲ್ಲಿ ಬದುಕಿರುವವರು ಒಂದೆಡೆ ಸೇರಿ ಉಣ್ಣುವುದಕ್ಕೆ ಇರಬೇಕು.

ನ್ಯಾಯಾಲಯಗಳಿಗೆ ಮಾತ್ರ ವಾತ್ಸ್ಯಾಯನ ಹೇಳಿದ ಗೌಣಾರ್ಥ ಹಿಡಿಸಲಿಲ್ಲ. ತಂದೆ ಮಾಡಿದ ಸಾಲ ದುರ್ವ್ಯಸನದ್ದಲ್ಲದಿದ್ದರೆ ಮಗ ತೀರಿಸಬೇಕಾದದ್ದು ಅವನ ಧರ್ಮವೆಂಬುದು ಹಿಂದೂ ಕಾನೂನಿನಲ್ಲಿ ಬಹುಕಾಲ ಉಳಿದಿತ್ತು. ಅಪ್ಪನ ಪರಲೋಕದ ಹೆಸರು ಹೇಳಿ ಮಗನ ಪಾಲಿನ ಗದ್ದೆ ಹರಾಜಿಗೆ ಬರುತ್ತಿತ್ತು. 2005ರ ಉತ್ತರಾಧಿಕಾರ ತಿದ್ದುಪಡಿ ಅಲ್ಲಿಂದಾಚೆಯ ಸಾಲಗಳಿಗೆ ಅದನ್ನು ನಿಲ್ಲಿಸಿತು. ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಪಿತ್ರಾರ್ಜಿತದ ಸಮಪಾಲುದಾರರನ್ನಾಗಿ ಮಾಡಿದ್ದೂ ಅದೇ ತಿದ್ದುಪಡಿ. ಕರ್ನಾಟಕ ಆ ಕೆಲಸವನ್ನು, ಆಗಲೇ ಮದುವೆಯಾಗಿದ್ದವರನ್ನು ಬಿಟ್ಟು, 1994ರಲ್ಲೇ ಮಾಡಿತ್ತು. ಆಸ್ತಿಯಲ್ಲಿ ಪಾಲು ಬಂದಮೇಲೂ ಎಡೆಯ ಅಡುಗೆ ಮಾಡಿ, ಧೂಪ ಹಾಕುವ ಸರದಿಯಲ್ಲಿ ಕೊನೆಗೆ ನಿಲ್ಲುವವರು ಅವರೇ. ಇದಕ್ಕೆ ವೇದವನ್ನು ದೂರಬೇಕಾಗಿಲ್ಲ, ಸರದಿ ಬದಲಿಸಿದರಾಯಿತು.

ಬದುಕಿರುವ ಅಪ್ಪಂದಿರ ವಿಷಯ ಹೇಳದೆ ಮುಗಿಸಿದರೆ ತಪ್ಪಾದೀತು. ಮನುಸ್ಮೃತಿಯ ಪ್ರಕಾರ ಗೃಹಸ್ಥನು ಮೈ ಸುಕ್ಕಾಗಿ, ತಲೆ ನರೆತು, ಮಗನ ಮಗನನ್ನು ಕಂಡಾಗ ಕಾಡಿಗೆ ಹೊರಡಬೇಕು. ಅಂದರೆ ತಾತ, ಮೊಮ್ಮಗ ಒಂದೇ ಸೂರಿನಡಿ ಆಡಿಕೊಂಡಿರುವುದು ಆ ಏರ್ಪಾಟಿನಲ್ಲಿ ಇಲ್ಲವೇ ಇಲ್ಲ. ಪುಣ್ಯಕ್ಕೆ ನಮ್ಮ ಯಾವ ತಾತನೂ ಇದನ್ನು ಓದಿ ಚೀಲ ಕಟ್ಟಲಿಲ್ಲ. ಆದರೆ ಮನುವಿನ ಲೆಕ್ಕದಲ್ಲಿ ಮನಶ್ಶಾಸ್ತ್ರದ ಒಂದು ಗುಟ್ಟು ಅಡಗಿದೆ. ಮೊಮ್ಮಗ ಹುಟ್ಟಿದ ಎಂದರೆ ತನ್ನ ಪಾಲಿನದು ಮುಂದಕ್ಕೆ ದಾಟಿದ್ದಷ್ಟೇ ಅಲ್ಲ, ಅಲ್ಲಿಂದಾಚೆಗೂ ದಾಟಿತು ಎಂದು ಕಣ್ಣಾರೆ ಕಂಡಂತೆ. ಇನ್ನು ಅವನು ಯಾರಿಗೂ ಬಾಕಿದಾರನಲ್ಲ. ಮಗನನ್ನು ಬೆತ್ತದ ತುದಿಯಲ್ಲಿ ಬೆಳೆಸಿದ ಮನುಷ್ಯ ಮೊಮ್ಮಗಳ ಮುಂದೆ ಆನೆಯಾಗಿ ಮಂಡಿಯೂರುವುದಕ್ಕೆ ನನಗೆ ಸಿಕ್ಕ ಒಳ್ಳೆಯ ವಿವರಣೆ ಇದೇ.

ಹಬ್ಬಕ್ಕೆ ಸೇರಿದ ಯಾವ ಮನೆಯಲ್ಲಾದರೂ ಇದನ್ನು ಪರೀಕ್ಷಿಸಬಹುದು. ಊಟಕ್ಕೆ ಮೊದಲೇ ಮೊಮ್ಮಕ್ಕಳನ್ನು ಅಂಗಡಿಗೆ ಕರೆದೊಯ್ದು ಐಸ್‌ಕ್ರೀಮ್ ಕೊಡಿಸಿಕೊಂಡು ಬಂದ ತಾತನನ್ನು ಮಗ ಬಾಗಿಲಲ್ಲೇ ತಡೆಯುತ್ತಾನೆ. ‘ನಮಗೆ ಒಂದು ದಿನಾನೂ ಕೊಡಿಸಲಿಲ್ಲವಲ್ಲ ಅಪ್ಪ.’ ತಾತ ಚಪ್ಪಲಿ ಬಿಡುತ್ತಾ ಹೇಳುತ್ತಾರೆ: ‘ಆವಾಗ ಮೈತುಂಬ ಸಾಲ ಇತ್ತು ಕಣೋ.’